‘ಭೂಮಿ ಹಸನಾಯಿತು’ ಎಂಬ ಅರ್ಧ ವಾಕ್ಯ

ನನಗೆ ‘ಆಯಿತು’ ಎಂಬ ಕ್ರಿಯಾಪದದ ಮೇಲೆ ಒಂದು ತಕರಾರಿದೆ. ಕನ್ನಡದಲ್ಲಿ ಇದರಷ್ಟು ಕೆಲಸಕ್ಕೆ ಬರುವ ಪದ ಕಡಿಮೆ, ಇದರಷ್ಟು ಜಾಣ ಪದವೂ ಕಡಿಮೆ. ‘ಲೋಟ ಒಡೆದುಹೋಯಿತು’ ಎಂದು ಮಗು ಬಂದು ಹೇಳಿದರೆ ನಾವು ನಗುತ್ತೇವೆ, ‘ಒಡೆದದ್ದು ಯಾರು?’ ಎಂದು ಕೇಳುತ್ತೇವೆ. ಆದರೆ ದೊಡ್ಡವರು ‘ಕಾಡು ಹೊಲವಾಯಿತು’, ‘ಬರಡು ನೆಲ ಹಸಿರಾಯಿತು’, ‘ಮಣ್ಣು ಫಲವತ್ತಾಯಿತು’ ಎಂದು ಬರೆದಾಗ ಸುಮ್ಮನೆ ತಲೆದೂಗುತ್ತೇವೆ. ಲೋಟಕ್ಕೆ ಕರ್ತೃ ಬೇಕು, ಭೂಮಿಗೆ ಬೇಡ.

ಈ ತಕರಾರು ಬಲವಾದದ್ದು ಒಂದು ಮೇವಿನ ಗಿಡದಿಂದ. ಕ್ಲೋವರ್ ಎಂದರೆ ಶುಭಾಶಯ ಪತ್ರಗಳ ಮೇಲೆ ನಾಲ್ಕೆಲೆ ತಳೆದು ಅದೃಷ್ಟದ ಗುರುತಾಗಿ ಕೂರುವ ಮೂರೆಲೆಯ ಸೊಪ್ಪು. ಅದರಲ್ಲಿ ಇನ್ನೂರಕ್ಕೂ ಮಿಕ್ಕಿ ಜಾತಿಗಳಿವೆ. ಪಂಜಾಬಿನ ಎಮ್ಮೆಗಳು ಚಳಿಗಾಲವಿಡೀ ಮೇಯುವ ಬರ್ಸೀಮ್ ಕೂಡ ಒಂದು ಕ್ಲೋವರೇ. ನಾನು ಹೇಳಹೊರಟಿರುವುದು ಇನ್ನೊಂದರ ಕತೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಟ್ರೈಫೋಲಿಯಂ ಸಬ್‌ಟೆರೇನಿಯಂ, ಅಂದರೆ ನೆಲದಡಿಯ ಕ್ಲೋವರ್. ಆಸ್ಟ್ರೇಲಿಯಾದ ರೈತರ ಬಾಯಲ್ಲಿ ಬರೀ ‘ಸಬ್’. ಮೂಲದಲ್ಲಿ ಮೆಡಿಟರೇನಿಯನ್ ಸೀಮೆಯ ಗಿಡ. ಬೇಸಗೆ ಮುಗಿದ ಮೇಲಿನ ಮೊದಲ ಮಳೆಗೆ ಮೊಳೆಯುತ್ತದೆ, ಚಳಿಗಾಲವಿಡೀ ನೆಲಕ್ಕಂಟಿಕೊಂಡು ಹಬ್ಬುತ್ತದೆ, ವಸಂತದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಬಿಳಿ ಹೂ ಬಿಡುತ್ತದೆ. ಆಮೇಲೆ ಹೂವಿನ ತೊಟ್ಟನ್ನು ಕೆಳಕ್ಕೆ ಬಾಗಿಸಿ ಬೀಜದ ಗಂಟನ್ನು ಮಣ್ಣಿನೊಳಕ್ಕೆ ತುರುಕುತ್ತದೆ. ಶೇಂಗಾ ನೆನಪಾದರೆ ತಪ್ಪಿಲ್ಲ, ಉಪಾಯ ಹೆಚ್ಚುಕಡಿಮೆ ಅದೇ. ಬಿಸಿಲಿಗೆ ಗಿಡ ಸತ್ತರೂ ಬೀಜ ಮಣ್ಣಿನಲ್ಲಿ ಮಲಗಿ ಮುಂದಿನ ಮಳೆ ಕಾಯುತ್ತದೆ. ವರ್ಷ ವರ್ಷ ಬಿತ್ತಬೇಕಾಗಿಲ್ಲ. ಕುರಿ ಬುಡದತನಕ ಕಚ್ಚಿದರೂ ಚಿಗುರುತ್ತದೆ. ಬೇರಿನ ಗಂಟುಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಒಂದು ಟನ್ ಒಣಮೇವು ಬೆಳೆಯುವಷ್ಟರಲ್ಲಿ ಸುಮಾರು 20ರಿಂದ 25 ಕಿಲೋ ಸಾರಜನಕ ಹೀಗೆ ಬಂದಿರುತ್ತದೆ. ಮೇವಾಯಿತು, ಗೊಬ್ಬರವೂ ಆಯಿತು.

ಯುರೋಪಿನಿಂದ ಬಂದವರ ಸಾಮಾನು ಸರಂಜಾಮಿನ ಜೊತೆ ಈ ಬೀಜ ಯಾರ ಗಮನಕ್ಕೂ ಬಾರದೆ ಆಸ್ಟ್ರೇಲಿಯಾಕ್ಕೆ ಬಂದಿಳಿಯಿತು. 1889ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಬಾರ್ಕರ್ ಬಳಿ ಏಮಸ್ ಹೊವಾರ್ಡ್ ಎಂಬಾತ ಇದನ್ನು ಗುರುತಿಸಿದ. ಆತ ಸಸಿ ಮಾರುವ ವ್ಯಾಪಾರಿ. ಉಳಿದವರಿಗೆ ಕಳೆಯಾಗಿ ಕಂಡದ್ದು ಆತನಿಗೆ ಮೇವಾಗಿ ಕಂಡಿತು. ಪತ್ರಿಕೆಗಳಿಗೆ ಬರೆದ, ಬೀಜ ಹಂಚಿದ, ಜನ ನಗುತ್ತಿದ್ದರೂ ಹೇಳುತ್ತಲೇ ಹೋದ. ಮುಂದಿನ ಅರ್ಧ ಶತಮಾನದಲ್ಲಿ ದಕ್ಷಿಣ ಆಸ್ಟ್ರೇಲಿಯಾ, ವಿಕ್ಟೋರಿಯಾ, ಪಶ್ಚಿಮ ಆಸ್ಟ್ರೇಲಿಯಾಗಳ ಲಕ್ಷಗಟ್ಟಲೆ ಎಕರೆ ಈ ಸೊಪ್ಪಿನಡಿ ಹೋಯಿತು. ಅಲ್ಲಿನ ಕೃಷಿ ಚರಿತ್ರೆಯಲ್ಲಿ ಇದೊಂದು ವೀರಗಾಥೆ. ಬಡ ಮರಳುನೆಲ, ಅದರ ಮೇಲೊಂದು ವಿನಯವಂತ ಸೊಪ್ಪು, ಸೊಪ್ಪಿನ ಮೇಲೆ ಕುರಿ, ಕುರಿಯ ಮೈಮೇಲೆ ಉಣ್ಣೆ, ಮರುವರ್ಷ ಅದೇ ಹೊಲದಲ್ಲಿ ಗೋಧಿ. ಭೂಮಿ ಹಸನಾಯಿತು.

ಈ ಗಾಥೆಯ ಒಂದು ತುಣುಕು ನಮ್ಮಲ್ಲಿಗೂ ಬಂದಿದೆ. ಸಹಜ ಕೃಷಿ, ಸಾವಯವ ಕೃಷಿಯ ಬಗ್ಗೆ ಭಾವುಕವಾಗಿ ಬರೆಯುವ ನಮ್ಮ ಅನೇಕ ಲೇಖಕರಿಗೆ ದ್ವಿದಳ ಗಿಡವೆಂದರೆ ಒಂದು ನೀತಿಕತೆ. ಗಾಳಿಯಿಂದ ಪುಕ್ಕಟೆ ಪಡೆದು ಮಣ್ಣಿಗೆ ಪುಕ್ಕಟೆ ಕೊಡುವ ದಾನಿ ಎಂಬ ರೂಪಕ ಕೈಗೆ ಸುಲಭವಾಗಿ ಸಿಗುತ್ತದೆ. ನಾನೂ ಹಿಂದೊಮ್ಮೆ ಬಳಸಿದ್ದೇನೆ, ಅದಕ್ಕೇ ಈಗ ಸಿಟ್ಟು ತುಸು ಹೆಚ್ಚು. ಸಾರಜನಕ ಪುಕ್ಕಟೆ ಎಂಬುದು ನಿಜ. ಆದರೆ ಅದನ್ನು ಹಿಡಿಯುವ ಕೆಲಸ ಪುಕ್ಕಟೆಯಲ್ಲ. ಒಂದೇ ಒಂದು ಸಾರಜನಕದ ಅಣುವನ್ನು ಒಡೆಯಲು ಬ್ಯಾಕ್ಟೀರಿಯಾಕ್ಕೆ ಕನಿಷ್ಠ 16 ಎಟಿಪಿ ಅಣುಗಳ ಶಕ್ತಿ ಬೇಕು. ಎಟಿಪಿಯ ಜೀವಾಳ ರಂಜಕ. ರಂಜಕ ಗಾಳಿಯಲ್ಲಿಲ್ಲ, ಮಣ್ಣಿನಲ್ಲಿರಬೇಕು. ಆಸ್ಟ್ರೇಲಿಯಾದ ಮಣ್ಣು ಜಗತ್ತಿನ ಅತಿ ಹಳೆಯ, ಕೋಟ್ಯಂತರ ವರ್ಷ ಮಳೆ ಗಾಳಿಗೆ ಸವೆದ ಮಣ್ಣು. ಅದರಲ್ಲಿ ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸೊಪ್ಪು ಏಳಬೇಕಾದರೆ ಸೂಪರ್‌ಫಾಸ್ಫೇಟ್ ಚೆಲ್ಲಲೇಬೇಕಿತ್ತು. ರೈತರು ಎರಡನ್ನೂ ಒಂದೇ ಉಸಿರಿನಲ್ಲಿ ‘ಸಬ್ ಅಂಡ್ ಸೂಪರ್’ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಲೆಕ್ಕ ಸರಿಯಾಗಿತ್ತು. ‘ಸೂಪರ್’ ಅನ್ನು ಕೈಬಿಟ್ಟು ‘ಸಬ್’ ಒಂದನ್ನೇ ಹಾಡಿಹೊಗಳಿದವರು ಬರೆಯುವ ಜನ.

ಸೂಪರ್‌ಫಾಸ್ಫೇಟ್ ಮಾಡುವುದು ಫಾಸ್ಫೇಟ್ ಕಲ್ಲನ್ನು ಗಂಧಕಾಮ್ಲದಲ್ಲಿ ಕರಗಿಸಿ. ಆ ಕಲ್ಲು ಎಲ್ಲಿಂದ ಬಂತು?

19ನೆಯ ಶತಮಾನ ಮುಗಿಯುವ ಹೊತ್ತಿಗೆ ಸಿಡ್ನಿಯಲ್ಲಿ ಪೆಸಿಫಿಕ್ ಐಲೆಂಡ್ಸ್ ಕಂಪನಿಯ ಕಚೇರಿಯೊಂದರಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ಒಂದು ಕಲ್ಲನ್ನು ಅಡ್ಡ ಇಟ್ಟಿದ್ದರು. ನೌರು ದ್ವೀಪದಿಂದ ಬಂದ ಕಲ್ಲಾಗಿ ಹೋದ ಮರದ ತುಂಡು ಎಂದು ಎಲ್ಲರ ನಂಬಿಕೆ. ಆಲ್ಬರ್ಟ್ ಎಲಿಸ್ ಎಂಬ ನೌಕರ ಅನುಮಾನ ಬಂದು ಪರೀಕ್ಷೆ ಮಾಡಿಸಿದ. ಉತ್ತಮ ದರ್ಜೆಯ ಫಾಸ್ಫೇಟ್. ನೌರು ಆಗ ಜರ್ಮನರ ಕೈಯಲ್ಲಿತ್ತು. ಪಕ್ಕದಲ್ಲೇ, ಅಂದರೆ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಬನಾಬ ಎಂಬ ಇನ್ನೊಂದು ದ್ವೀಪ. ಬ್ರಿಟಿಷರು ಅದನ್ನು ಓಷನ್ ಐಲೆಂಡ್ ಎಂದು ಕರೆಯುತ್ತಿದ್ದರು. ಪೂರ್ತಿ ಸೇರಿಸಿದರೆ 6 ಚದರ ಕಿಲೋಮೀಟರ್. 1900ರ ಮೇ 3ರಂದು ಎಲಿಸ್ ಅಲ್ಲಿಗೆ ಹೋಗಿ ಟೆಮಾಟಿ ಎಂಬ ಹಿರಿಯನಿಂದ ಒಂದು ಕರಾರಿಗೆ ಗುರುತು ಹಾಕಿಸಿಕೊಂಡ. ಕರಾರಿನಲ್ಲಿ ಟೆಮಾಟಿಯನ್ನು ‘ರಾಜ’ ಎಂದು ಕರೆದಿತ್ತು. ಬನಾಬದಲ್ಲಿ ರಾಜರೆಂಬುವರೇ ಇರಲಿಲ್ಲ. ಭೂಮಿ ಒಬ್ಬೊಬ್ಬರ, ಒಂದೊಂದು ಮನೆತನದ ಸ್ವತ್ತು, ಒಬ್ಬ ಕೊಟ್ಟರೆ ಇನ್ನೊಬ್ಬರದು ಹೋಗುವಂತಿರಲಿಲ್ಲ. ಇಡೀ ದ್ವೀಪದ ಫಾಸ್ಫೇಟ್ ಅಗೆಯುವ ಹಕ್ಕಿಗೆ ವರ್ಷಕ್ಕೆ 50 ಪೌಂಡ್, ಅಥವಾ ಅಷ್ಟು ಬೆಲೆಯ ಸಾಮಾನು. ಅವಧಿ 999 ವರ್ಷ. ಲೆಕ್ಕ ಹಾಕಿದರೆ 2899ಕ್ಕೆ ಮುಗಿಯಬೇಕಾದ ಕರಾರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುತ್ತೇವಲ್ಲ, ಇಲ್ಲಿ ಯಾರದೋ ನೆಲವನ್ನೇ ಅಗೆದು ಹಡಗಿಗೆ ತುಂಬಿ ಜಾತ್ರೆ ನಡೆಸಿದರು.

1920ರಿಂದ ಎರಡೂ ದ್ವೀಪಗಳ ಗಣಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆಯ ಕೈಗೆ ಬಂತು. ಪಾಲುದಾರರು ಮೂವರು: ಬ್ರಿಟನ್ನಿಗೆ 42 ಪಾಲು, ಆಸ್ಟ್ರೇಲಿಯಾಕ್ಕೆ 42, ನ್ಯೂಜಿಲೆಂಡಿಗೆ 16. ಕಲ್ಲನ್ನು ಮಾರುಕಟ್ಟೆಯ ಬೆಲೆಗಲ್ಲ, ತಗಲಿದ ಖರ್ಚಿಗೆ ತಮ್ಮ ತಮ್ಮ ರೈತರಿಗೆ ಕೊಡಬೇಕೆಂಬುದು ಒಪ್ಪಂದ. ಬೆಲೆ ಕಡಿಮೆಯಾದಷ್ಟೂ ದ್ವೀಪದವರಿಗೆ ಸಿಗುವುದು ಕಡಿಮೆ. ಆಸ್ಟ್ರೇಲಿಯಾದ ಕ್ಲೋವರ್ ಹೊಲಗಳು ಅಗ್ಗವಾಗಿ ಹಸಿರಾದದ್ದು ಹೀಗೆ.

ಸಾಹಿತ್ಯದ ಓದುಗರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. 1928ರಲ್ಲಿ ಬನಾಬದ ಜನ ಇನ್ನಷ್ಟು ನೆಲ ಕೊಡುವುದಿಲ್ಲ ಎಂದು ಹಠ ಹಿಡಿದರು. ಆಗ ಆ ದ್ವೀಪಗಳ ರೆಸಿಡೆಂಟ್ ಕಮಿಷನರ್ ಆಗಿದ್ದವನು ಬುವಾಕೊನಿಕಾಯಿ ಊರಿನವರಿಗೆ ಒಂದು ಪತ್ರ ಬರೆದ. ಒಪ್ಪದಿದ್ದರೆ ಊರೇ ಉಳಿಯಲಿಕ್ಕಿಲ್ಲ ಎಂಬ ಬೆದರಿಕೆ ಅದರಲ್ಲಿತ್ತು. ಕೊನೆಗೆ ನೆಲವನ್ನು ಬಲವಂತವಾಗಿ ವಶಪಡಿಸಿಕೊಂಡರು. ಪತ್ರ ಬರೆದವನು ಆರ್ಥರ್ ಗ್ರಿಂಬಲ್. 1952ರಲ್ಲಿ ‘ಎ ಪ್ಯಾಟರ್ನ್ ಆಫ್ ಐಲೆಂಡ್ಸ್’ ಎಂಬ ನೆನಪಿನ ಪುಸ್ತಕ ಬರೆದು ಹೆಸರು ಮಾಡಿದ, ದ್ವೀಪದ ಜನರ ನುಡಿ ಕಲಿತ, ಅವರ ಹಾಡು ಕತೆಗಳನ್ನು ಪ್ರೀತಿಯಿಂದ ಸಂಗ್ರಹಿಸಿದ ಅದೇ ಗ್ರಿಂಬಲ್. ಆ ಪುಸ್ತಕ ಅವನ ಮೊದಲ ವರ್ಷಗಳ ಕತೆ, ಪತ್ರದ ವರ್ಷ ಅದರಾಚೆಗಿನದು ಎಂದು ಅವನ ಪರವಾಗಿ ಹೇಳಬಹುದು. ಹೇಳೋಣ. ಆದರೂ ಹಾಡು ಸಂಗ್ರಹಿಸಿದ ಕೈಯೇ ಬೆದರಿಕೆ ಬರೆದದ್ದು, ಪ್ರಪಂಚಕ್ಕೆ ತಲುಪಿದ್ದು ಹಾಡಿನ ಕೈ ಮಾತ್ರ. ಜನಪದವನ್ನು ಪ್ರೀತಿಸುವುದೇ ಜನರ ಪರ ಇರುವುದೆಂದು ನಂಬಿರುವ ನಮ್ಮ ವಿಭಾಗಗಳಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ತರಗತಿ ನಡೆಯಬೇಕು.

ಯುದ್ಧ ಮುಗಿದ ಮೇಲೆ, 1945ರ ಡಿಸೆಂಬರಿನಲ್ಲಿ, ಬನಾಬದ ಜನರನ್ನು ಹಡಗು ಹತ್ತಿಸಿ ಸುಮಾರು 2,000 ಕಿಲೋಮೀಟರ್ ದೂರದ ಫಿಜಿಯ ರಾಂಬಿ ದ್ವೀಪಕ್ಕೆ ತಂದು ಇಳಿಸಿದರು. ಚಂಡಮಾರುತದ ಕಾಲ; ಇರಲು ಡೇರೆ, ತಿನ್ನಲು ಎರಡು ತಿಂಗಳ ದಿನಸಿ. ಆ ದ್ವೀಪವನ್ನು ಕೊಂಡಿದ್ದೂ ಅವರದೇ ಫಾಸ್ಫೇಟ್ ಹಣದಿಂದ. ಎಪ್ಪತ್ತರ ದಶಕದಲ್ಲಿ ಅವರು ಲಂಡನ್ನಿನ ನ್ಯಾಯಾಲಯಕ್ಕೆ ಹೋದರು. ವಿಚಾರಣೆ 200 ದಿನಕ್ಕೂ ಹೆಚ್ಚು ನಡೆಯಿತು. ನ್ಯಾಯಾಧೀಶ ಮೆಗ್ಯಾರಿ ಸ್ವತಃ ಬನಾಬಕ್ಕೆ ಹೋಗಿ ನೋಡಿಬಂದರು. 1976ರ ತೀರ್ಪು ಹೇಳಿದ್ದಿಷ್ಟು: ಸರಕಾರ ನಡೆದುಕೊಂಡದ್ದು ಸರಿಯಲ್ಲ, ಆದರೆ ಅದು ನ್ಯಾಯಾಲಯ ಜಾರಿ ಮಾಡಬಹುದಾದಂಥ ಹೊಣೆಯಲ್ಲ. ಗಣಿ 1979ರಲ್ಲಿ ನಿಂತಿತು, ಕಲ್ಲು ಮುಗಿದಿತ್ತು. ಬನಾಬದ ಮೂಲದ ವಿದ್ವಾಂಸೆ ಕಟೆರಿನಾ ಟೆಐವಾ 2014ರಲ್ಲಿ ಪ್ರಕಟಿಸಿದ ‘ಕನ್ಸ್ಯೂಮಿಂಗ್ ಓಷನ್ ಐಲೆಂಡ್’ ಪುಸ್ತಕ ಈ ಇಡೀ ವ್ಯವಹಾರವನ್ನು ಹಿಂಬಾಲಿಸುತ್ತದೆ. ತಮ್ಮ ಅಜ್ಜ ಅಜ್ಜಿಯರ ನೆಲ ಪುಡಿಯಾಗಿ ಬೇರೆ ದೇಶದ ಹುಲ್ಲುಗಾವಲಿನಲ್ಲಿ ಹರಡಿಹೋಗಿದೆ ಎಂದು ತಿಳಿದು ಬದುಕುವವರ ಕಡೆಯಿಂದ ಬರೆದ ಪುಸ್ತಕ ಅದು. ಕನ್ನಡಕ್ಕೆ ಬರಬೇಕಾದದ್ದು.

ನೌರುವಿನದು ಇನ್ನೂ ಉದ್ದದ ಕತೆ, ನಾನು ಬೇಗ ಹೇಳಿ ಮುಗಿಸುತ್ತೇನೆ. 21 ಚದರ ಕಿಲೋಮೀಟರಿನ ದ್ವೀಪ. ಜಪಾನೀಯರು 1943ರಲ್ಲಿ 1,200 ನೌರು ಜನರನ್ನು ಟ್ರಕ್ ದ್ವೀಪಕ್ಕೆ ಒಯ್ದರು. 1946ರಲ್ಲಿ ಜೀವಂತವಾಗಿ ಮರಳಿದವರು 737. ಮರಳಿದ್ದೇ ತಡ ಗಣಿ ಮತ್ತೆ ಶುರು. ದ್ವೀಪ ಇನ್ನು ಬಾಳುವುದಿಲ್ಲ ಎಂದಾದಾಗ ಆಸ್ಟ್ರೇಲಿಯಾ ಅವರನ್ನೆಲ್ಲ ಕ್ವೀನ್ಸ್‌ಲೆಂಡಿನ ಕರ್ಟಿಸ್ ದ್ವೀಪಕ್ಕೆ ಸ್ಥಳಾಂತರಿಸುವ ಮಾತಾಡಿತು. ನಮ್ಮತನ ಬಿಟ್ಟು ಬರುವುದಿಲ್ಲ ಎಂದು 1964ರಲ್ಲಿ ಅವರು ನಿರಾಕರಿಸಿದರು. 1968ರಲ್ಲಿ ಸ್ವತಂತ್ರರಾದರು. ಸ್ವಾತಂತ್ರ್ಯದ ಮೇಲೆ ತಾವೇ ಗಣಿ ನಡೆಸಿದರು, ಬಂದ ಹಣವನ್ನು ದುಂದು ಮಾಡಿದರು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1989ರಲ್ಲಿ ಹಳೆಯ ಗಣಿಗುಂಡಿಗಳ ಸಲುವಾಗಿ ಆಸ್ಟ್ರೇಲಿಯಾದ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿದರು, 1993ರಲ್ಲಿ 10 ಕೋಟಿ 70 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು. ದ್ವೀಪದ ಒಳಭಾಗವೀಗ ಮಣ್ಣೆಲ್ಲ ಹೋಗಿ ಸುಣ್ಣಕಲ್ಲಿನ ಮೊನೆಗಳು ಎದ್ದು ನಿಂತ ಬಯಲು. 2001ರಿಂದ ಆಸ್ಟ್ರೇಲಿಯಾ ತನ್ನ ತೀರಕ್ಕೆ ದೋಣಿಯಲ್ಲಿ ಬಂದ ನಿರಾಶ್ರಿತರನ್ನು ಕೂಡಿಹಾಕಲು ಆರಿಸಿಕೊಂಡ ಜಾಗಗಳಲ್ಲಿ ಇದೂ ಒಂದು.

ಸರಿ, ಇಷ್ಟು ಬೆಲೆ ತೆತ್ತಾದರೂ ನೆಲ ಹಸನಾಯಿತೇ?

1940ರ ದಶಕದ ಮೊದಲಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಾರರು ಒಂದು ವಿಚಿತ್ರ ಕಂಡರು. ಸೊಂಪಾದ ಕ್ಲೋವರ್ ಮೇಯುತ್ತಿದ್ದ, ನೋಡಲು ದಷ್ಟಪುಷ್ಟವಾದ ಹೆಣ್ಣುಕುರಿಗಳು ಗಬ್ಬವಾಗುತ್ತಿರಲಿಲ್ಲ. ಕೆಲವಕ್ಕೆ ಈಯುವಾಗ ಮರಿ ಸಿಕ್ಕಿಕೊಂಡು ಸಾವು, ಕೆಲವಕ್ಕೆ ಗರ್ಭಕೋಶವೇ ಹೊರಬೀಳುವುದು. ಟಗರಿನ ಮುಖ ನೋಡದ ಕುರಿಗಳ ಕೆಚ್ಚಲಿನಲ್ಲಿ ಹಾಲು. ಬೀಜ ಒಡೆಸಿದ ಗಂಡುಕುರಿಗಳಲ್ಲೂ ಮೊಲೆ ಊದಿ ಹಾಲು ಒಸರಿತು, ಮೂತ್ರ ಕಟ್ಟಿ ಸತ್ತವು. 1946ರಲ್ಲಿ ಬೆನೆಟ್ಸ್, ಅಂಡರ್‌ವುಡ್, ಶಿಯರ್ ಎಂಬ ಮೂವರು ವಿಜ್ಞಾನಿಗಳು ದೋಷ ಮೇವಿನದೇ ಎಂದು ಬರೆದರು. ಗಿಡದಲ್ಲಿರುವ ಫಾರ್ಮೊನೊನೆಟಿನ್ ಎಂಬ ವಸ್ತು ಕುರಿಯ ಹೊಟ್ಟೆಯಲ್ಲಿ ಈಕ್ವಾಲ್ ಆಗಿ ಮಾರ್ಪಟ್ಟು ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ವರ್ಷಗಟ್ಟಲೆ ಮೇದ ಕುರಿಗೆ ಬಂಜೆತನ ಶಾಶ್ವತ. ರಂಜಕದ ಕೊರತೆಯಲ್ಲಿ ಬೆಳೆದ ಗಿಡದಲ್ಲಿ ಆ ವಸ್ತು ಇನ್ನೂ ಹೆಚ್ಚು ಎಂದೂ ಕಂಡುಬಂತು. ಯುದ್ಧದ ಆ ವರ್ಷಗಳಲ್ಲಿ ನೌರುವಿನ ಹಡಗು ನಿಂತು ಸೂಪರ್‌ಫಾಸ್ಫೇಟ್‌ಗೆ ರೇಷನ್ ಬಂದಿತ್ತು. ಸಾವಿರಾರು ಮೈಲಿಯಾಚೆಯ ದ್ವೀಪದ ಕಲ್ಲು ಬಾರದೆ ಹೋದರೆ ಕುರಿಯ ಗರ್ಭಕೋಶಕ್ಕೆ ತಿಳಿಯುತ್ತದೆ. ದಾನಿ ಗಿಡದ ನೀತಿಕತೆಯಲ್ಲಿ ಈ ಪುಟ ಇಲ್ಲ. ಕಡಿಮೆ ಫಾರ್ಮೊನೊನೆಟಿನ್ ಇರುವ ತಳಿಗಳನ್ನು ಮುಂದೆ ಬೆಳೆಸಿದರು, ರೋಗ ಬಹುಮಟ್ಟಿಗೆ ಹತೋಟಿಗೆ ಬಂತು. ಒಪ್ಪಬೇಕಾದ ಒಳ್ಳೆಯ ಕೆಲಸ.

ಉಪ್ಪು ಮಾತ್ರ ಹತೋಟಿಗೆ ಬರಲಿಲ್ಲ. ಅಲ್ಲಿನ ಮೂಲ ಗಿಡಮರಗಳ ಬೇರು ಆಳಕ್ಕಿಳಿದು ವರ್ಷಪೂರ್ತಿ ನೀರು ಹೀರುತ್ತಿತ್ತು. ಅವನ್ನು ಕಡಿದು ಗೋಧಿ, ಕ್ಲೋವರ್ ಬಿತ್ತಿದಾಗ, ಮೋಟುಬೇರಿನ ಈ ಆರು ತಿಂಗಳ ಗಿಡಗಳು ಬಿಟ್ಟ ನೀರು ಕೆಳಗಿಳಿದು ಅಂತರ್ಜಲವನ್ನು ಮೇಲಕ್ಕೆತ್ತಿತು. ಮೇಲೆ ಬಂದ ನೀರು ಸಾವಿರಾರು ವರ್ಷ ಕೆಳಗೆ ಮಲಗಿದ್ದ ಉಪ್ಪನ್ನೂ ಹೊತ್ತು ತಂದಿತು. ಗೊತ್ತಿರಲಿಲ್ಲ ಎನ್ನುವಂತಿಲ್ಲ. ವುಡ್ ಎಂಬ ರೈಲ್ವೆ ಎಂಜಿನಿಯರ್, ರೈಲಿನ ಬಾಯ್ಲರಿಗೆ ಹಾಕುವ ನೀರು ಉಪ್ಪಾಗುತ್ತಿರುವುದನ್ನು ಗಮನಿಸಿ, ಕಾಡು ಕಡಿದದ್ದೇ ಕಾರಣ ಎಂದು 1924ರಲ್ಲೇ ಪ್ರಕಟಿಸಿದ್ದ. ಅದಾದ ಮೇಲೆಯೇ ಪಶ್ಚಿಮ ಆಸ್ಟ್ರೇಲಿಯಾದ ಸರಕಾರ ವರ್ಷಕ್ಕೆ ಹತ್ತು ಲಕ್ಷ ಎಕರೆ ಎಂಬ ಘೋಷಣೆಯಡಿ ಕಾಡು ಕಡಿಸಿತು.

ಅಲ್ಲಿ ಕಡಿದ ಕಾಡನ್ನು ‘ಬರಡು’ ಎಂದು ಕರೆದಿದ್ದರಲ್ಲ, ಆ ಪದದ ಮೇಲೂ ನನಗೆ ಸಿಟ್ಟಿದೆ. ಆ ನೈರುತ್ಯ ಮೂಲೆಯಲ್ಲಿ ಸುಮಾರು 8,000 ಬಗೆಯ ಗಿಡಗಳಿವೆ, ಸರಿಸುಮಾರು ಅರ್ಧದಷ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೂಂಗಾರ್ ಜನ ಹತ್ತಾರು ಸಾವಿರ ವರ್ಷಗಳಿಂದ ಬದುಕಿದ ನೆಲ. ಬ್ಯಾಂಕ್ಸಿಯಾದಂಥ ಗಿಡಗಳು ಸಾಸಿವೆಯಷ್ಟು ರಂಜಕವನ್ನು ಜಾಲಾಡಿ ಹೆಕ್ಕಲು ಬ್ರಷ್ಷಿನಂಥ ಬೇರು ಬೆಳೆಸಿಕೊಂಡಿವೆ. ಅವಕ್ಕೆ ಸೂಪರ್‌ಫಾಸ್ಫೇಟ್ ಹಾಕಿದರೆ ವಿಷವೇರಿ ಸಾಯುತ್ತವೆ. ಕ್ಲೋವರಿಗೆ ಬಡತನವಾದದ್ದು ಅವುಗಳಿಗೆ ಮನೆ. ‘ಫಲವತ್ತು’ ಎಂಬುದು ಮಣ್ಣಿನ ಗುಣವಲ್ಲ, ಆ ಮಣ್ಣಿನಿಂದ ಯಾರಿಗೆ ಏನು ಬೇಕಿದೆ ಎಂಬುದರ ಹೆಸರು. ಕುರಿ ಬೇಕಾದವನು ಅದನ್ನು ಬರಡು ಅಂದ, ನಾವು ಅವನ ಪದವನ್ನೇ ಅನುವಾದ ಮಾಡಿಕೊಂಡೆವು.

ಇದಕ್ಕೆ ಬರಬಹುದಾದ ಉತ್ತರಗಳು ನನಗೆ ಗೊತ್ತು. ಪಾಪದ ಗಿಡ ಏನು ಮಾಡೀತು ಎನ್ನುತ್ತೀರಿ. ಏನೂ ಮಾಡಿಲ್ಲ. ನನ್ನ ಜಗಳ ಗಿಡದೊಂದಿಗಲ್ಲ, ಅದನ್ನು ಸಾಕ್ಷಿಗೆ ನಿಲ್ಲಿಸಿ ಮುಗ್ಧತೆಯ ಪ್ರಮಾಣಪತ್ರ ಪಡೆಯುವ ಬರವಣಿಗೆಯೊಂದಿಗೆ. ತಪ್ಪೆಲ್ಲ ರಾಸಾಯನಿಕ ಗೊಬ್ಬರದ್ದು, ಸಾವಯವದಲ್ಲಿ ಹೀಗಾಗದು ಎನ್ನುತ್ತೀರಿ. ಸಾವಯವ ಕೃಷಿಯ ನಿಯಮಗಳು ಆಮ್ಲ ಸೋಕದ ಫಾಸ್ಫೇಟ್ ಕಲ್ಲಿನ ಪುಡಿಗೆ ಅನುಮತಿ ಕೊಡುತ್ತವೆ. ಕಲ್ಲಿಗೆ ಆಮ್ಲ ಸೋಕಿತೇ ಎಂದು ಕೇಳುವ ಪ್ರಮಾಣಪತ್ರ, ಕಲ್ಲು ಯಾರ ಅಂಗಳದ್ದು ಎಂದು ಕೇಳುವುದಿಲ್ಲ. ಯಾವ ಕೃಷಿಯೂ ಎಲ್ಲಿಂದಲೋ ತಂದೇ ಬದುಕುತ್ತದೆ, ಅನ್ನ ಬೇಡವೇ ಎನ್ನುವವರ ಮಾತು ಇವೆಲ್ಲದರಲ್ಲಿ ಹೆಚ್ಚು ತೂಕದ್ದು. ಬೇಕು. ತಂದದ್ದನ್ನು ತಂದೆವು ಎಂದು ಬರೆಯಿರಿ ಎಂದಷ್ಟೇ ಕೇಳುತ್ತಿದ್ದೇನೆ. ಸಾಲ ಮಾಡಿದವನು ಸಾಲವನ್ನು ಲೆಕ್ಕದ ಪುಸ್ತಕದಲ್ಲಿ ಬರೆದರೆ ತೀರಿಸಿದಂತಾಗುವುದಿಲ್ಲ, ಆದರೆ ಬರೆಯದವನು ತೀರಿಸುವ ಮಾತೇ ಇಲ್ಲ.

ಇದು ಆಸ್ಟ್ರೇಲಿಯಾದವರ ತಲೆನೋವು, ನಮಗೇಕೆ ಎನ್ನಬಹುದಾದವರಿಗೆ ಒಂದು ಮಾತು. ಭಾರತದ ಹೊಲಗಳ ರಂಜಕದ ಬಹುಪಾಲು ಹಡಗಿನಲ್ಲಿ ಬರುತ್ತದೆ. ಮೊರಾಕ್ಕೊ, ಜೋರ್ಡನ್ ಮುಂತಾದ ಕಡೆಯಿಂದ, ಕಲ್ಲಾಗಿ, ಆಮ್ಲವಾಗಿ, ಸಿದ್ಧ ಡಿಎಪಿ ಆಗಿ. ನಮ್ಮ ಪಣಂಬೂರಿನ ಬಂದರಿಗೂ ಬರುತ್ತದೆ. ಕೊಪ್ಪಳದ ಮೆಕ್ಕೆಜೋಳ, ಮಂಡ್ಯದ ಕಬ್ಬು, ಡೇರಿ ಹಸುವಿಗೆ ಹಾಕುವ ಮೇವು ಎಲ್ಲಕ್ಕೂ ಬೇರೆ ಯಾರದೋ ನೆಲದ ಪುಡಿ ಬೆರೆತಿದೆ. ನಮ್ಮ ಮಣ್ಣಿನ ಕವಿತೆಗಳಲ್ಲಿ ಮಣ್ಣು ಯಾವಾಗಲೂ ಅಜ್ಜನದೇ, ಹಡಗಿನಲ್ಲಿ ಬಂದದ್ದು ಎಂದೂ ಇಲ್ಲ. ‘ಮಣ್ಣಿನ ವಾಸನೆ’ಯ ಮೇಲೆ ವರ್ಷಕ್ಕೊಂದು ಕಮ್ಮಟ ನಡೆಸುವವರು ಒಂದು ಸಲ ಗೊಬ್ಬರದಂಗಡಿಯ ಮುಂದೆ ನಿಂತು ಉಸಿರೆಳೆದುಕೊಳ್ಳಲಿ.

ಮೊನ್ನೆ ಒಂದು ಕೆಲಸ ಮಾಡಿದೆ. ‘ನೆಲದಡಿಯ ಕ್ಲೋವರಿನಿಂದ ದಕ್ಷಿಣ ಆಸ್ಟ್ರೇಲಿಯಾದ ಭೂಮಿ ಹಸನಾಯಿತು’ ಎಂಬ ವಾಕ್ಯ ತೆಗೆದುಕೊಂಡು, ‘ಆಯಿತು’ ಬಿಟ್ಟು, ಮಾಡಿದವರನ್ನೆಲ್ಲ ಕರ್ತೃವಾಗಿ ಕೂರಿಸಿ ಬರೆಯಲು ಕೂತೆ. ಹೊವಾರ್ಡ್ ಗುರುತಿಸಿದ, ಎಲಿಸ್ ಕರಾರು ಬರೆಸಿದ, ಗ್ರಿಂಬಲ್ ಬೆದರಿಸಿದ, ಮೂರು ಸರಕಾರಗಳು ಅಗ್ಗಕ್ಕೆ ಕೊಂಡವು, ಗಣಿಗೆ ತಂದ ಕೂಲಿಗಳು ಅಗೆದರು, ಬನಾಬದವರು ಹಡಗು ಹತ್ತಿದರು, ನೂಂಗಾರರು ನೆಲ ಕಳೆದುಕೊಂಡರು, ಕುರಿಗಳು ಬಂಜೆಯಾದವು. ‘ಹಸನಾಯಿತು’ ಬರುವ ಹೊತ್ತಿಗೆ ಒಂದು ಪುಟ ತುಂಬಿತ್ತು. ಕೊನೆಯಲ್ಲಿ ಆ ಪದವನ್ನು ಇಡಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ.